ನೀರಿನಡಿಯ ತವರು

ಕಾರ್ಗಲ್ಲಿನ ಶಾಲೆಯಲ್ಲಿ ಒಂದು ದಿನ ಭೂಗೋಳ ಪಾಠ ಮಾಡುತ್ತಿದ್ದೆ. ನದಿ, ಕಡಲು, ಹಿಮ ಈ ಮೂರೂ ನೆಲವನ್ನು ಕೆತ್ತುತ್ತವೆ ಎಂದು ಹೇಳಿ, ಹಿಮಯುಗ ಕೊರೆದಿಟ್ಟು ಹೋದ ಫಿನ್ಲೆಂಡಿನ ಸರೋವರಗಳ ಭೂಪಟ ತೋರಿಸಿದೆ. ನೀರಿನ ತುಂಬ ಚದುರಿದ ನಡುಗಡ್ಡೆಗಳು. ಹುಡುಗಿಯೊಬ್ಬಳು ಎದ್ದು ನಿಂತು, "ಟೀಚರ್, ಇದು ನಮ್ಮ ಹಿನ್ನೀರಿನ ಹಾಗೇ ಇದೆ. ಇಲ್ಲಿಗೂ ಹಿಮ ಬಂದಿತ್ತಾ?" ಎಂದಳು.

ಮಕ್ಕಳೆಲ್ಲ ನಕ್ಕರು. ನನಗೆ ಮಾತ್ರ ಆ ಪ್ರಶ್ನೆ ಮನೆಯವರೆಗೂ ಜೊತೆಗೆ ಬಂತು.

ನಮ್ಮ ಸೀಮೆಯನ್ನು ಕೆತ್ತಿದವಳು ಶರಾವತಿ. ಸುಮಾರು ಒಂಬತ್ತು ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮ ಪಡುವಣ ಅಂಚಿನಿಂದ ಬೇರೆಯಾಯಿತು. ಆ ಒಡಕಿನ ಅಂಚು ಸವೆಯುತ್ತ ಹಿಂದಕ್ಕೆ ಸರಿದು ಇಂದಿನ ಘಟ್ಟವಾಯಿತೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ತುಂಗೆ, ಭದ್ರೆ ಮೂಡಣಕ್ಕೆ ಮುಖಮಾಡಿ ದೂರದ ಬಂಗಾಳ ಕೊಲ್ಲಿಗೆ ನೀರು ಕೊಟ್ಟರೆ, ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಸುಮಾರು 128 ಕಿಲೋಮೀಟರಿನಲ್ಲೇ ಹೊನ್ನಾವರದ ಕಡಲು ಸೇರುತ್ತಾಳೆ. ಜೋಗದಲ್ಲಿ 830 ಅಡಿ ಧುಮುಕುತ್ತಾಳೆ. ಮಳೆಗಾಲದ ನೀರೂ ಅದು ಹೊತ್ತ ಮರಳು, ಕಲ್ಲುಗಳೂ ಬಂಡೆಯನ್ನು ಗಂಧ ತೇಯ್ದ ಹಾಗೆ ತೇಯ್ದು ಆ ಕಣಿವೆಯಾಗಿದೆ. ಅವಸರವಿಲ್ಲದ ಕೆಲಸ ಅದು.

ಅವಸರ ನಮ್ಮದು. ಜೋಗದ ವಿದ್ಯುದಾಗಾರಕ್ಕೆ ನೀರು ಹಿಡಿಯಲು ಮೊದಲು ಹಿರೇಭಾಸ್ಕರ ಅಣೆಕಟ್ಟು ಬಂತು. 1948ರಲ್ಲಿ ವಿದ್ಯುತ್ ಹರಿಯಿತು. ಅದು ಸಾಲದೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಹೊಸ ಅಣೆಯ ನೀರಿನಲ್ಲಿ ಹಳೆಯ ಅಣೆಯೇ ಮುಳುಗಿತು! ಅದರ ಜೊತೆಗೆ ಊರುಗಳು, ಗದ್ದೆಗಳು, ಅಡಿಕೆ ತೋಟಗಳೂ ಮುಳುಗಿದವು. ಎದ್ದು ಹೋದವರಲ್ಲಿ ಭೂಮಿಯ ಹಕ್ಕುಪತ್ರಕ್ಕಾಗಿ ದಶಕಗಟ್ಟಲೆ ಅಲೆದ ಸಂಸಾರಗಳಿವೆ.

ನಮ್ಮ ಅತ್ತೆಯವರ ತವರು ಮುಳುಗಿದ್ದೂ ಆಗಲೇ. ಅವರಿಗಿನ್ನೂ ಇಪ್ಪತ್ತು ತುಂಬಿರಲಿಲ್ಲವಂತೆ. ಗೌರಿಹಬ್ಬಕ್ಕೆ ಬಾಗಿನ ತರುವ ಅಣ್ಣ ಬಯಲುಸೀಮೆ ಕಡೆ ಹೋಗಿ ನೆಲೆಸಿದರು. ಮಳೆ ಕಡಿಮೆಯಾದ ಒಂದು ಬೇಸಿಗೆಯಲ್ಲಿ ಅವರನ್ನು ಹಿನ್ನೀರಿನ ದಡಕ್ಕೆ ಕರೆದುಕೊಂಡು ಹೋಗಿದ್ದೆ. ಬಿರಿದ ಕೆಸರಿನಲ್ಲಿ ಕಲ್ಲಿನ ಮೆಟ್ಟಿಲೆರಡು, ಬಾವಿಕಟ್ಟೆಯೊಂದು ಕಂಡವು. ಯಾರ ಮನೆಯದೋ. ಅತ್ತೆ ಚಪ್ಪಲಿ ಬಿಟ್ಟು ನಿಂತರು.

"ನಿನ್ನ ಪಟದಲ್ಲಿ ಇದಕ್ಕೆ ನೀಲಿ ಬಣ್ಣ ಹಚ್ಚಿದಾರೆ ಕಣೆ. ನಂಗೆ ಮಾತ್ರ ಇದು ಈಗಲೂ ಹಸಿರೇ," ಎಂದರು.

ದೀಪದಡಿಯಲ್ಲಿ ಉತ್ತರಪತ್ರಿಕೆ ತಿದ್ದುವ ನಾನು ಆ ವಿದ್ಯುತ್ತನ್ನು ಬೇಡವೆನ್ನಲಾರೆ. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದಾಗ, ಲಾಂಚಿಗೆ ಕಾಯುತ್ತಿದ್ದ ಆಚೆ ದಡದವರ ಜೊತೆ ನಾನೂ ಸಂತೋಷಪಟ್ಟೆ. ಆದರೆ ಬೆಳಕು ಬಂದ ದಾರಿಯಲ್ಲಿ ಯಾರ ಒಲೆ ಆರಿತೆಂಬುದು ನಮ್ಮ ಮಕ್ಕಳಿಗೆ ತಿಳಿದಿರಬೇಡವೆ?

ಮರುದಿನ ತರಗತಿಯಲ್ಲಿ ಆ ಹುಡುಗಿಗೆ ಹೇಳಿದೆ: "ಇಲ್ಲಿಗೆ ಹಿಮ ಬಂದಿರಲಿಲ್ಲಮ್ಮ. ಆ ನಡುಗಡ್ಡೆಗಳೆಲ್ಲ ಗುಡ್ಡದ ನೆತ್ತಿಗಳು. ನೀರು ನಿಲ್ಲಿಸಿದವರು ನಾವು. ಕೆಳಗೆ ಏನಿತ್ತೆಂದು ಮನೆಯಲ್ಲಿ ಅಜ್ಜಿಯನ್ನು ಕೇಳಿಕೊಂಡು ಬಾ."