ತ್ಯಾಗಪತ್ರವೋ ಶಾಸನವೋ: ಲ್ಯಾಂಬ್ಡಾಮೂ ಪ್ರಕಟಣೆಯ ಪುನರ್ವಿಮರ್ಶೆ

ಅಂತರ್ಜಾಲ ಸಮುದಾಯಗಳಲ್ಲಿ ಆಡಳಿತವು ಹೇಗೆ ಹುಟ್ಟಿತೆಂದು ನಿರೂಪಿಸಹೊರಟವರು, ಜೂಲಿಯನ್ ಡಿಬ್ಬೆಲ್ಲರು 1993ರ ಡಿಸೆಂಬರಿನಲ್ಲಿ ‘ವಿಲೇಜ್ ವಾಯ್ಸ್’ ಪತ್ರಿಕೆಗೆ ಬರೆದ ಪ್ರಖ್ಯಾತ ಲೇಖನವನ್ನೇ ಪ್ರಮಾಣವಾಗಿ ಹಿಡಿದು, ಅರಾಜಕವಾಗಿದ್ದ ಲ್ಯಾಂಬ್ಡಾಮೂ ಎಂಬ ಪಠ್ಯಲೋಕವು, ‘ಬಂಗಲ್’ ಎಂಬ ಪಾತ್ರಧಾರಿಯು ಇತರ ಪಾತ್ರಗಳ ಮೇಲೆ ಅಕ್ಷರಗಳಲ್ಲೇ ನಡೆಸಿದ ಲೈಂಗಿಕ ದೌರ್ಜನ್ಯದ ದುಷ್ಕೃತ್ಯದಿಂದ ಎಚ್ಚೆತ್ತು ಪ್ರಜಾಪ್ರಭುತ್ವವನ್ನು ಕಂಡುಕೊಂಡಿತೆಂದು ಹೇಳುವುದು ವಾಡಿಕೆಯಾಗಿರುವುದು. ಕಥೆ ಮನೋಹರವಾದುದೇ, ಆದರೆ ‘ಅರಾಜಕ’ ಎಂಬ ಅದರ ಮೊದಲ ಪದವೇ ತಪ್ಪು.

ಜೆರಾಕ್ಸ್ ಸಂಸ್ಥೆಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿದ್ದು, ಕೇವಲ ಅಕ್ಷರಗಳಿಂದ ಕಟ್ಟಿದ ಈ ಮನೆಯ ಬಾಗಿಲನ್ನು 1990ರಲ್ಲಿ ತೆರೆದ ಪಾವೆಲ್ ಕರ್ಟಿಸ್ ಮಹಾಶಯರು, 1992ರ ಡಿಸೆಂಬರಿನಲ್ಲಿ ಒಂದು ಪ್ರಕಟಣೆಯನ್ನು ಹೊರಡಿಸಿ, ‘ವಿಝರ್ಡ್’ಗಳೆನಿಸಿದ ನಿರ್ವಾಹಕರು ಇನ್ನು ಮೇಲೆ ನಿವಾಸಿಗಳ ವ್ಯಾಜ್ಯಗಳಲ್ಲಿ ನ್ಯಾಯ ಹೇಳತಕ್ಕವರಲ್ಲ, ಯಂತ್ರವನ್ನು ನಡೆಸುವ ತಂತ್ರಜ್ಞರು ಮಾತ್ರವೆಂದು ಸಾರಿದರು. ದುಷ್ಕೃತ್ಯ ನಡೆದದ್ದು ಮುಂದಿನ ಮಾರ್ಚಿಯಲ್ಲಿ. (ಡಿಬ್ಬೆಲ್ಲರು ಈ ಪ್ರಕಟಣೆಯನ್ನು ಮರೆಮಾಚಿದವರಲ್ಲ, ದೋಷವೇನಿದ್ದರೂ ಅವರನ್ನು ಪೂರ್ತಿ ಓದದೆ ಉದ್ಧರಿಸಿದವರದು.) ಆದುದರಿಂದ ಆ ಮಾರ್ಚಿಯಲ್ಲಿ ಕಂಡ ಶೂನ್ಯವು ಪ್ರಕೃತಿಸಿದ್ಧವಾದುದಲ್ಲ, ಅಧಿಕಾರವು ತನ್ನ ಕೈಯಿಂದಲೇ ನಿರ್ಮಿಸಿದ್ದು.

ಪ್ರಕಟಣೆಯ ಭಾರವೆಲ್ಲವೂ ‘ತಾಂತ್ರಿಕ’, ‘ಸಾಮಾಜಿಕ’ ಎಂಬೆರಡು ಪದಗಳ ವಿಭಜನೆಯ ಮೇಲೆ ನಿಂತಿದೆ. ಈ ವಿಭಜನೆ ನಿಲ್ಲಬಲ್ಲುದೆ? ಪಾತ್ರವನ್ನು ಕಪ್ಪೆಯಾಗಿಸುವ ಹಳೆಯ ಆಟಗಳ ಸಂಪ್ರದಾಯದಿಂದ ಹೆಸರು ಪಡೆದು, ಇಲ್ಲಿ ಖಾತೆಯನ್ನೇ ಅಳಿಸಿಹಾಕುತ್ತಿದ್ದ ‘ಟೋಡ್’ ಎಂಬ ಆಜ್ಞೆಯು ವಿಝರ್ಡ್‌ನ ಬೆರಳಿಗಲ್ಲದೆ ಅನ್ಯರ ಬೆರಳಿಗೆ ಓಗೊಡುತ್ತಿರಲಿಲ್ಲ. ನಿವಾಸಿಗಳು ಬಂಗಲ್ಲನ ವಿಚಾರವಾಗಿ ಸಭೆ ಸೇರಿ, ಗಂಟೆಗಟ್ಟಲೆ ವಾದಿಸಿ, ಒಮ್ಮತಕ್ಕೆ ಬಾರದೆ ಚದುರಿದ ಮೇಲೆ ಒಬ್ಬ ವಿಝರ್ಡ್ ತಾನೊಬ್ಬನೇ ನಿಶ್ಚಯಿಸಿ ಆ ಆಜ್ಞೆಯನ್ನು ಅವನ ಮೇಲೆ ಪ್ರಯೋಗಿಸಿದನು. ಒತ್ತಿದ ಕೀಲಿಗಳನ್ನು ಎಣಿಸಿದರೆ ಇದು ತಾಂತ್ರಿಕ ಕರ್ಮ. ಫಲವನ್ನು ನೋಡಿದರೆ ಗಡೀಪಾರು. ಕಂಪ್ಯೂಟರಿನ ಕ್ರಮಲೇಖವೇ ಕಾನೂನಿನಂತೆ ಆಳುತ್ತದೆಂಬ ಲಾರೆನ್ಸ್ ಲೆಸ್ಸಿಗರ ವಾದದತ್ತ ನನಗೆ ಒಲವುಂಟು. ಆದರೂ ಆ ವಾದವನ್ನು ಮಂತ್ರದಂತೆ ಜಪಿಸುವವರಿಗೆ, ‘ಟೋಡ್’ ಆಜ್ಞೆ ತನ್ನಷ್ಟಕ್ಕೆ ತಾನು ಪ್ರವರ್ತಿಸಲಿಲ್ಲವೆಂಬುದನ್ನು ನೆನಪಿಸಬೇಕಾಗಿದೆ.

ಪ್ರವಾಸದಿಂದ ಮರಳಿದ ಕರ್ಟಿಸರು ಅರ್ಜಿ ಮತ್ತು ಮತದಾನಗಳ ಪದ್ಧತಿಯನ್ನು ಸ್ಥಾಪಿಸಿದರೆಂಬುದು ನಿಜ. ಆದರೆ ಅರ್ಜಿಯು ಮತಕ್ಕೆ ಬರಬೇಕಾದರೆ ವಿಝರ್ಡ್‌ಗಳ ಪರಿಶೀಲನೆಯಲ್ಲಿ ತೇರ್ಗಡೆಯಾಗಬೇಕಾಗಿತ್ತು. ಗೆದ್ದ ನಿರ್ಣಯವನ್ನು ಜಾರಿಗೊಳಿಸಬೇಕಾದವರೂ ಅವರೇ. ನಂದಿಗ್ರಾಮದ ಭರತನು ಸಿಂಹಾಸನವನ್ನು ಪಾದುಕೆಗಳಿಗೆ ಬಿಟ್ಟು ರಾಜ್ಯಭಾರವನ್ನು ತಾನು ಹೊತ್ತನು. ಈ ವಿಝರ್ಡ್‌ಗಳು ಭಾರವನ್ನು ಇಳಿಸಿ, ಬೀಗದ ಕೈಗೊಂಚಲನ್ನು ಮಾತ್ರ ಸೊಂಟದಲ್ಲಿ ಉಳಿಸಿಕೊಂಡರು.

1996ರ ಮೇ ತಿಂಗಳಲ್ಲಿ ಹೊರಟ ಎರಡನೆಯ ಪ್ರಕಟಣೆಯು, ಸಾಮಾಜಿಕ ಪರಿಣಾಮವನ್ನು ಬಿಟ್ಟು ತಾಂತ್ರಿಕ ನಿರ್ಧಾರಗಳನ್ನಷ್ಟೇ ಕೈಗೊಳ್ಳುವುದು ಅಶಕ್ಯವೆಂದು ಒಪ್ಪಿಕೊಂಡಿತು. ಇದನ್ನು ಪ್ರಜಾಪ್ರಭುತ್ವದ ಪತನವೆಂದು ಶೋಕಿಸುವವರು, ಹಿಂದಿನ ಪ್ರಕಟಣೆಯ ಪ್ರತಿಜ್ಞೆಯನ್ನು ವಸ್ತುಸ್ಥಿತಿಯೆಂದು ನಂಬಿಬಿಟ್ಟಿದ್ದಾರೆ. ಲ್ಯಾಂಬ್ಡಾಮೂವಿನ ಆಡಳಿತಚರಿತ್ರೆಯನ್ನು ಬರೆಯುವವರು ಬಂಗಲ್ಲನ ಮಾರ್ಚಿಯಿಂದಲ್ಲ, ಮೂರು ತಿಂಗಳು ಹಿಂದೆ ಸರಿದು, ಆಳುವವರೇ ಆಳುವುದಿಲ್ಲವೆಂದು ಆಜ್ಞಾಪಿಸಿದ ದಿನದಿಂದ ಆರಂಭಿಸುವುದು ಯುಕ್ತ.