ಒಲೆಯ ಮಸಿ ಎಲ್ಲಿಂದ ಬಂತು?

ನಮ್ಮೂರಲ್ಲಿ ಪಾತ್ರೆ ತಳದ ಮಸಿ ತಿಕ್ಕೋದು ನನ್ನ ಪಾಲಿನ ಕೆಲಸ. ಮಸಿ ಎಲ್ಲಿಂದ ಬಂತು ಅಂದ್ರೆ ಅವ್ವ "ಕಟ್ಟಿಗೆಯಿಂದ" ಅಂತಿದ್ದಳು. ಕಟ್ಟಿಗೆಗೆ ಆ ಕಾರ್ಬನ್ ಎಲ್ಲಿಂದ ಬಂತು? ಬಿಇ ಮುಗಿದರೂ ಯಾರೂ ಹೇಳಲಿಲ್ಲ.

ಉತ್ತರದ ಒಂದು ಮುಖ್ಯ ತುಂಡು ಸಿಕ್ಕಿದ್ದು ಅಮೆರಿಕದ ಕ್ಯಾಲ್‌ಟೆಕ್‌ನ ಕೆಲಾಗ್ ವಿಕಿರಣ ಪ್ರಯೋಗಾಲಯದಲ್ಲಿ. ಹೌದು, ಬೆಳಿಗ್ಗೆ ನೀವು ಹಾಲಿಗೆ ಸುರಿದುಕೊಂಡು ಕ್ಯಾಬ್ ಹಿಡಿಯೋಕೆ ಓಡ್ತೀರಲ್ಲ, ಅದೇ ಕಾರ್ನ್‌ಫ್ಲೇಕ್ಸ್ ಕೆಲಾಗ್‌ನ ದುಡ್ಡು. 1930ರ ದಶಕದಲ್ಲಿ ಅಲ್ಲಿ ಎಕ್ಸ್-ರೇಯಿಂದ ಕ್ಯಾನ್ಸರ್ ಚಿಕಿತ್ಸೆಯ ಪ್ರಯೋಗ, ಯುದ್ಧದ ಕಾಲದಲ್ಲಿ ರಾಕೆಟ್ ಕೆಲಸ. ಯುದ್ಧ ಮುಗಿದ ಮೇಲೆ ವಿಲಿಯಂ ಫೌಲರ್ ಮತ್ತು ಸಂಗಡಿಗರು ನಕ್ಷತ್ರದೊಳಗಿನ ಪರಮಾಣು ಕ್ರಿಯೆಗಳನ್ನು ಅಳೆಯೋಕೆ ಕೂತರು.

1953ರಲ್ಲಿ ಕೇಂಬ್ರಿಜ್‌ನ ಫ್ರೆಡ್ ಹಾಯ್ಲ್ ಅಲ್ಲಿದ್ದ. ಅವನ ತಲೆಬಿಸಿ ಇದು: ಎರಡು ಹೀಲಿಯಂ ಸೇರಿದರೆ ಬೆರಿಲಿಯಂ-8 ಆಗುತ್ತೆ, ಆದರೆ ಅದು ಆದ ಕೂಡಲೇ ಒಡೆದುಹೋಗುತ್ತೆ. ಅಷ್ಟರೊಳಗೆ ಮೂರನೇ ಹೀಲಿಯಂ ಬಂದು ಅಂಟಿದರೆ ಮಾತ್ರ ಕಾರ್ಬನ್. ಸಾಮಾನ್ಯ ಲೆಕ್ಕದಲ್ಲಿ ಇದರಿಂದ ಹುಟ್ಟೋ ಕಾರ್ಬನ್ ಏನೇನೂ ಸಾಲದು. ಆದರೆ ಕಾರ್ಬನ್ ಕಣ್ಣೆದುರಿಗೇ ಇದೆ, ಮಸಿಯಾಗಿ, ನಾವಾಗಿ! ಹಾಗಾದರೆ ಕಾರ್ಬನ್ನಿಗೆ ಸುಮಾರು 7.68 ಎಂಇವಿ ಹತ್ತಿರ ಒಂದು ಶಕ್ತಿ ಮಟ್ಟ ಇರಲೇಬೇಕು ಅಂದ. ಫೌಲರ್ ನಂಬಲಿಲ್ಲ. ಆ ಮಟ್ಟ ಇದೆಯೋ ಇಲ್ಲವೋ ಅನ್ನೋದರ ಬಗ್ಗೆ ಹಳೇ ಪ್ರಯೋಗಗಳಲ್ಲೇ ಗೊಂದಲವಿತ್ತು.

ವಾರ್ಡ್ ವೇಲಿಂಗ್ ತಂಡ ಸಾರಜನಕಕ್ಕೆ ಡ್ಯೂಟೆರಾನ್ ಹೊಡೆದು, ಚಿಮ್ಮಿದ ಆಲ್ಫಾ ಕಣಗಳ ಶಕ್ತಿ ಅಳೆದು ನೋಡಿತು. ಸಿಕ್ಕೇಬಿಟ್ಟಿತು: 7.68, ಹೆಚ್ಚುಕಮ್ಮಿ 0.03.

1957ರಲ್ಲಿ ಮಾರ್ಗರೆಟ್ ಮತ್ತು ಜೆಫ್ರಿ ಬರ್ಬಿಜ್, ಫೌಲರ್, ಹಾಯ್ಲ್ ಸೇರಿ ಧಾತುಗಳ ಹುಟ್ಟಿನ ಬಗ್ಗೆ 104 ಪುಟದ ಪ್ರಬಂಧ ಬರೆದರು. 1983ರಲ್ಲಿ ಭೌತವಿಜ್ಞಾನದ ನೊಬೆಲ್ ನಮ್ಮ ಚಂದ್ರಶೇಖರ್‌ಗೆ ಮತ್ತು ಫೌಲರ್‌ಗೆ ಬಂತು. ಹಾಯ್ಲ್‌ಗಿಲ್ಲ, ಮಾರ್ಗರೆಟ್‌ಗೂ ಇಲ್ಲ.

ಇಲ್ಲಿಗೆ ಬಂದಾಗ ನನಗೆ ಹೊಟ್ಟೆ ಉರೀತು, ಸುಳ್ಳು ಯಾಕೆ ಹೇಳಲಿ. ಹಿಂದಿನ ಕಂಪನಿಯಲ್ಲಿ ಮೂರು ತಿಂಗಳು ನಿದ್ದೆಗೆಟ್ಟು ಬರೆದ ಮಾಡ್ಯೂಲ್‌ನ ರಿಲೀಸ್ ಮೇಲ್‌ನಲ್ಲಿ ನನ್ನ ಹೆಸರೇ ಇರಲಿಲ್ಲ. ಈಗಲೂ ರಿಲೀಸ್ ಮೇಲ್ ಬಂದರೆ ಮೊದಲು ಹೆಸರುಗಳನ್ನೇ ಓದ್ತೀನಿ.

ಅದೇ ಚಾಳಿಯಲ್ಲಿ 1953ರ 'ಫಿಸಿಕಲ್ ರಿವ್ಯೂ'ನ ಒಂದು ಪುಟ್ಟ ಸಾರಾಂಶದ ಹೆಸರುಗಳನ್ನೂ ನೋಡಿದೆ. ಪ್ರಯೋಗ ವೇಲಿಂಗ್ ತಂಡದ್ದು. ಅಕಾರಾದಿ ಹಿಡಿದರೂ ಡನ್‌ಬಾರ್ ಮೊದಲು ಬರಬೇಕಿತ್ತು. ಅಲ್ಲಿರೋದು: ಹಾಯ್ಲ್, ಡನ್‌ಬಾರ್, ವೆನ್ಜೆಲ್, ವೇಲಿಂಗ್.