ಆಸ್ಪತ್ರೆ ನೌಕರರ ಅಕ್ಷರ ಕಲಿಕೆ

ಆಸ್ಪತ್ರೆಯ ಸ್ವಚ್ಛತೆ, ಅಡುಗೆ, ಬಟ್ಟೆ ಒಗೆತದ ಕೆಲಸಗಾರರಿಗೆ ನೌಕರಿಯ ಜೊತೆಗೇ ಓದು, ಬರಹ, ಲೆಕ್ಕ ಕಲಿಸುವ ವ್ಯವಸ್ಥೆ. ಇದರ ಹೆಸರಾಂತ ಮಾದರಿ ನ್ಯೂಯಾರ್ಕಿನದು.

1959ರಲ್ಲಿ ಅಲ್ಲಿನ ಏಳು ಆಸ್ಪತ್ರೆಗಳ ನೌಕರರು ‘1199’ ಎಂಬ ಕಾರ್ಮಿಕ ಸಂಘದ ನೇತೃತ್ವದಲ್ಲಿ 46 ದಿನ ಮುಷ್ಕರ ಹೂಡಿದರು. ಹತ್ತು ವರ್ಷದ ಬಳಿಕ ಅದೇ ಸಂಘ ಆಸ್ಪತ್ರೆಗಳೊಡನೆ ಪಟ್ಟು ಹಿಡಿದು ತರಬೇತಿ ನಿಧಿಯನ್ನೇ ಗಿಟ್ಟಿಸಿತು. ಸಂಬಳದ ಮೊತ್ತಕ್ಕೆ ತಕ್ಕಂತೆ ಮಾಲೀಕರೇ ಅದಕ್ಕೆ ಹಣ ತುಂಬಬೇಕು. ಅದರಿಂದ ಇಂಗ್ಲಿಷ್ ತರಗತಿ, ಪ್ರೌಢಶಾಲೆಗೆ ಸಮನಾದ ಪರೀಕ್ಷೆಯ ಪಾಠ, ಮುಂದೆ ನರ್ಸಿಂಗ್ ಓದು. ಯಾರ ಕೃಪೆಯೂ ಬೇಕಿಲ್ಲದ ಈ ಒಪ್ಪಂದವೇ ಯೋಜನೆಯ ಬೆನ್ನೆಲುಬು.

ಓದು ಬಾರದಿದ್ದರೆ ಆಸ್ಪತ್ರೆಯಲ್ಲಿ ಅಪಾಯವೂ ಉಂಟು. ಬಾಟಲಿಯ ಲೇಬಲ್ ಓದಲಾಗದೆ ಬ್ಲೀಚಿಗೆ ಅಮೋನಿಯಾ ಬೆರೆಸಿದರೆ ವಿಷಾನಿಲ ಏಳುತ್ತದೆ. ಪಥ್ಯದ ಚೀಟಿ ಅರ್ಥವಾಗದಿದ್ದರೆ ಸಕ್ಕರೆ ಕಾಯಿಲೆಯವರ ತಟ್ಟೆಗೆ ಸಿಹಿ ಬೀಳುತ್ತದೆ.

ಭಾರತದಲ್ಲಿ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ತ್ಯಾಜ್ಯ ನಿಭಾಯಿಸುವ ನೌಕರರಿಗೆ ವರ್ಷಕ್ಕೊಮ್ಮೆಯಾದರೂ ತರಬೇತಿ ಕಡ್ಡಾಯ ಮಾಡಿವೆ. ಅಕ್ಷರ ಕಲಿಸುವ ಹೊಣೆ ಅವುಗಳಲ್ಲಿಲ್ಲ.